ಅರವತ್ತೆರಡು ಲಕ್ಷದಿಂದ ಮುನ್ನೂರಕ್ಕೆ

ಗಣೇಶನ ಪೆಂಡಾಲಿಗೆ ಸುತ್ತುವ ಸೀರಿಯಲ್ ಸೆಟ್ಟು ಹೇಗೆ ಕೆಲಸ ಮಾಡುತ್ತದೆಂದು ಬಹಳ ಮಂದಿಗೆ ಒಂದು ಅಂದಾಜಿದೆ. ದೀಪಗಳನ್ನು ತಂತಿಯಲ್ಲಿ ಒಂದರ ಹಿಂದೊಂದು ಪೋಣಿಸಿರುತ್ತಾರೆ. ಕರೆಂಟು ಬಂದರೆ ಎಲ್ಲವೂ ಹತ್ತುತ್ತವೆ, ಹೋದರೆ ಎಲ್ಲವೂ ಆರುತ್ತವೆ. ದೀಪ ಓಡಿದಂತೆ ಕಾಣಬೇಕೆಂದರೆ ಮೂರು ನಾಲ್ಕು ಸಾಲುಗಳನ್ನು ಬೇರೆ ಬೇರೆಯಾಗಿ ಎಳೆದು ಸರದಿಯ ಮೇಲೆ ಹತ್ತಿಸಿ ಆರಿಸಬೇಕು. ಒಂದೊಂದು ಅಪ್ಪಣೆಗೆ ಒಂದೊಂದು ತಂತಿ ಬೇಕೆಂಬುದು ಅಲ್ಲಿನ ಲೆಕ್ಕ.

ಈಗ ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಬಣ್ಣದ ಎಲ್‌ಇಡಿ ಪಟ್ಟಿಯೊಂದನ್ನು ಕೈಗೆ ತೆಗೆದುಕೊಳ್ಳಿ. ಮೀಟರಿಗೆ 60 ದೀಪ. ಹತ್ತನೆಯದು ಕೆಂಪಾಗಿ, ಹನ್ನೊಂದನೆಯದು ನೇರಳೆಯಾಗಿ, ಹನ್ನೆರಡನೆಯದು ಕತ್ತಲಾಗಿ ಇರಬಲ್ಲದು. ಮರುಕ್ಷಣ ಮೂರೂ ಬೇರೆ ಬಣ್ಣಕ್ಕೆ ತಿರುಗಬಲ್ಲವು. ಇಷ್ಟಾದರೂ ಪಟ್ಟಿಗೆ ಹೋಗುವುದು ಮೂರೇ ತಂತಿ. ಒಂದು 5 ವೋಲ್ಟಿನದು, ಒಂದು ಗ್ರೌಂಡು, ಉಳಿದ ಒಂದರಲ್ಲಿ ಸಂದೇಶ. ಆ ಒಂದೇ ತಂತಿಯಲ್ಲಿ ನೂರು ದೀಪಗಳಿಗೆ ನೂರು ಅಪ್ಪಣೆ ತಲುಪುವುದು ಹೇಗೆ?

ಈ ಪಟ್ಟಿಯನ್ನು ಕಂಪ್ಯೂಟರ್ ಪರದೆಯ ಬೆನ್ನಿಗೆ, ನಾಲ್ಕೂ ಅಂಚಿನ ಉದ್ದಕ್ಕೆ ಅಂಟಿಸಿ ಗೋಡೆಯ ಕಡೆ ಮುಖಮಾಡಿಸಿದರೆ ಒಂದು ಚೆಂದದ ಉಪಕರಣವಾಗುತ್ತದೆ. ಪರದೆಯ ಎಡಗಡೆ ಸೂರ್ಯ ಮುಳುಗುತ್ತಿದ್ದರೆ ಗೋಡೆಯ ಎಡಭಾಗವೂ ಕಿತ್ತಳೆಯಾಗುತ್ತದೆ, ಮೇಲೆ ಆಕಾಶವಿದ್ದರೆ ಗೋಡೆಯ ಮೇಲ್ಭಾಗ ನೀಲಿಯಾಗುತ್ತದೆ. ಚಿತ್ರ ಚೌಕಟ್ಟನ್ನು ದಾಟಿ ಕೋಣೆಗೆ ಹರಡಿದಂತೆ ಕಾಣುತ್ತದೆ. ಫಿಲಿಪ್ಸ್ ಕಂಪನಿ ಇದನ್ನು 2004ರಲ್ಲಿ ಆಂಬಿಲೈಟ್ ಎಂಬ ಹೆಸರಿನಲ್ಲಿ ಟೀವಿಗಳಿಗೆ ಅಳವಡಿಸಿ ಮಾರಿತು. ಕೆಲವೇ ವರ್ಷಗಳಲ್ಲಿ ಹವ್ಯಾಸಿಗಳು ಅದನ್ನು ಮನೆಯಲ್ಲೇ ಕಟ್ಟಲು ಕಲಿತರು. ಅಮೆರಿಕದ ಆಡಾಫ್ರೂಟ್ ಸಂಸ್ಥೆ ಆಡಾಲೈಟ್ ಹೆಸರಿನಲ್ಲಿ ಅದರ ವಿಧಾನವನ್ನೂ ಪ್ರೋಗ್ರಾಮನ್ನೂ ಎಲ್ಲರಿಗೂ ತೆರೆದಿಟ್ಟಿತು. ಆಮೇಲೆ ಹೈಪೀರಿಯನ್, ಪ್ರಿಸ್ಮಾಟಿಕ್, ಡಬ್ಲ್ಯುಎಲ್‌ಇಡಿ ಮೊದಲಾದ ಉಚಿತ ತಂತ್ರಾಂಶಗಳು ಬಂದವು. ಇಂಗ್ಲಿಷಿನಲ್ಲಿ ಆಂಬಿಯೆಂಟ್ ಲೈಟಿಂಗ್ ಎನ್ನುವ ಇದನ್ನು ನಾನು ಇಲ್ಲಿ ಸುತ್ತುಬೆಳಕು ಎಂದು ಕರೆಯುತ್ತೇನೆ.

ಕಟ್ಟುವುದು ಕಷ್ಟವಲ್ಲ. ಯಾಕೆ ಕಷ್ಟವಲ್ಲ ಎಂಬುದರಲ್ಲೇ ಇದರ ಸ್ವಾರಸ್ಯವಿದೆ.

ಅಂಚುನೋಟ

ಈ ಸಾಲನ್ನು ಓದುವಾಗ ನಿಮ್ಮ ಕಣ್ಣು ನಿಚ್ಚಳವಾಗಿ ಕಾಣುತ್ತಿರುವುದು ಕೆಲವೇ ಅಕ್ಷರಗಳನ್ನು. ಅಕ್ಷಿಪಟಲದ ನಡುವೆ ಒಂದು ಸಣ್ಣ ತಗ್ಗಿದೆ. ಬಣ್ಣವನ್ನೂ ವಿವರವನ್ನೂ ಹಿಡಿಯುವ ಶಂಕುಕೋಶಗಳು ಅಲ್ಲಿ ಒತ್ತೊತ್ತಾಗಿ ಸೇರಿವೆ. ಅದು ನೋಡುವ ಜಾಗ, ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು. ಉಳಿದ ಅಷ್ಟಗಲದ ನೋಟದಲ್ಲಿ ವಿವರ ಬೇಗಬೇಗ ಮಸುಕಾಗುತ್ತಾ ಹೋಗುತ್ತದೆ. ನೇರ ಮುಂದೆ ನೋಡುತ್ತಾ, ಪಕ್ಕದಲ್ಲಿ ಯಾರಾದರೂ ಹಿಡಿದ ಇಸ್ಪೀಟೆಲೆ ಯಾವುದೆಂದು ಹೇಳಲು ಪ್ರಯತ್ನಿಸಿ, ಆಗದು. ಆದರೆ ಆ ಎಲೆ ಸ್ವಲ್ಪ ಅಲುಗಿದರೂ ತಕ್ಷಣ ಗೊತ್ತಾಗುತ್ತದೆ. ಅಂಚಿನ ನೋಟಕ್ಕೆ ಆಕಾರ ಬೇಕಿಲ್ಲ. ಬೆಳಕು ಹೆಚ್ಚಿತೇ, ಇಳಿಯಿತೇ, ಏನಾದರೂ ಸರಿಯಿತೇ ಎಂಬುದು ತಿಳಿದರೆ ಸಾಕು.

ಸುತ್ತುಬೆಳಕು ಬೀಳುವುದು ಸರಿಯಾಗಿ ಈ ಅಂಚುನೋಟದ ಮೇಲೆ. ನೀವು ಪರದೆ ನೋಡುತ್ತಿರುತ್ತೀರಿ, ಗೋಡೆಯನ್ನಲ್ಲ. ಗೋಡೆಯ ಮೇಲೆ ಮರದ ಎಲೆ ಎಲೆಯೂ ಮೂಡಿದರೂ ಕಣ್ಣಿಗೆ ಅದು ಸಿಗುವುದಿಲ್ಲ. ಹಸಿರು ಹರಡಿದೆ ಎಂಬಷ್ಟು ಸುದ್ದಿ ಮುಟ್ಟಿದರೆ ಮಿದುಳು ಚಿತ್ರವನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ.

ಗೋಡೆ ಬೆಳಗುವುದರಿಂದ ಇನ್ನೊಂದು ಲಾಭವಿದೆ. ಕೊಡಾಕ್ ಕಂಪನಿಯಲ್ಲಿದ್ದ ಬಾರ್ಟಲ್‌ಸನ್ ಮತ್ತು ಬ್ರೆನೆಮನ್ ಎಂಬ ವಿಜ್ಞಾನಿಗಳು 1967ರಲ್ಲಿ ಇದನ್ನು ಅಳೆದು ತೋರಿಸಿದರು. ಸುತ್ತ ಕಗ್ಗತ್ತಲಿದ್ದರೆ ಚಿತ್ರದೊಳಗಿನ ಕಪ್ಪು ಬೂದುಬಣ್ಣವಾಗಿ ಕಾಣುತ್ತದೆ, ಸುತ್ತ ಒಂದಿಷ್ಟು ಬೆಳಕಿದ್ದರೆ ಅದೇ ಕಪ್ಪು ಇನ್ನಷ್ಟು ಗಾಢವಾಗಿ ಕಾಣುತ್ತದೆ. ಪರದೆಯಲ್ಲಿ ಏನೂ ಬದಲಾಗಿರುವುದಿಲ್ಲ, ಕಣ್ಣಿನ ಹೋಲಿಕೆ ಮಾತ್ರ ಬದಲಾಗಿರುತ್ತದೆ. ಇಷ್ಟಕ್ಕೆ ಬಣ್ಣದ ದೀಪಗಳೇ ಬೇಕೆಂದೇನಿಲ್ಲ, ಬಿಳಿ ಬೆಳಕೂ ಸಾಕು. ಫೋಟೋ ತಿದ್ದುವವರು, ಸಿನಿಮಾದ ಬಣ್ಣ ಹೊಂದಿಸುವವರು ಪರದೆಯ ಹಿಂದೆ ಹಗಲಿನ ಬಿಳುಪಿನ ಒಂದೇ ಬಗೆಯ ದೀಪ ಇಟ್ಟುಕೊಳ್ಳುವುದೇ ಸರಿ. ಗೋಡೆಯ ಬಣ್ಣ ಕ್ಷಣಕ್ಷಣಕ್ಕೂ ಬದಲಾದರೆ ಅವರ ಕಣ್ಣು ಮೋಸಹೋಗುತ್ತದೆ. ಆಟ ಆಡುವವರಿಗೆ, ಸಿನಿಮಾ ನೋಡುವವರಿಗೆ ಬಣ್ಣದ ಸುತ್ತುಬೆಳಕು.

ಒಂದು ದೀಪದ ಪಾಲು

ಮಾಮೂಲಿ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚಿತ್ರಬಿಂದುಗಳು, ಅಂದರೆ ಪಿಕ್ಸೆಲ್‌ಗಳು ಇರುತ್ತವೆ. ಒಟ್ಟು 20 ಲಕ್ಷಕ್ಕೂ ಮಿಕ್ಕಿ. ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಹೇಳುವ ಮೂರು ಸಂಖ್ಯೆ, ಒಂದೊಂದೂ 0ಯಿಂದ 255ರವರೆಗೆ. ಎಲ್ಲ ಸೇರಿ 62 ಲಕ್ಷ ಸಂಖ್ಯೆಗಳು. ಅದೂ ಸೆಕೆಂಡಿಗೆ 60 ಬಾರಿ ಹೊಸದಾಗಿ.

ಎಲ್‌ಇಡಿ ಪಟ್ಟಿಯ ಒಂದು ದೀಪದೊಳಗೂ ಮೂರೇ ಚೂರುಗಳಿವೆ, ಕೆಂಪು, ಹಸಿರು, ನೀಲಿ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ 1962ರಲ್ಲೇ ತೋರಿಸಿದ್ದರು. ಪ್ರಖರ ನೀಲಿ ಸಿಗಲು ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಸಂದಿತು. ನೀಲಿ ಬಂದ ಮೇಲೆ ಪರದೆಯ ಬಿಂದುವೂ ಪಟ್ಟಿಯ ದೀಪವೂ ಒಂದೇ ಭಾಷೆಯವಾದವು. ಎರಡಕ್ಕೂ ಬೇಕಾದ್ದು ಅವೇ ಮೂರು ಸಂಖ್ಯೆ.

24 ಇಂಚಿನ ಪರದೆ ಸುಮಾರು 53 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ. ಮೇಲೆ 32, ಕೆಳಗೆ 32, ಪಕ್ಕಗಳಲ್ಲಿ ಹದಿನೆಂಟು ಹದಿನೆಂಟು, ಒಟ್ಟು 100 ದೀಪ. ನೂರು ದೀಪಕ್ಕೆ 300 ಸಂಖ್ಯೆ. ಹಾಗಾದರೆ ಇಡೀ ಕೆಲಸವೆಂದರೆ 62 ಲಕ್ಷವನ್ನು ಮುನ್ನೂರಕ್ಕೆ ಇಳಿಸುವುದು. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಎಂದು ಗೊತ್ತಿದ್ದರೆ ಸುತ್ತುಬೆಳಕು ಮುಕ್ಕಾಲು ಪಾಲು ಮುಗಿದಂತೆ.

ಪರದೆಯ ನಡುಭಾಗವನ್ನು ಪೂರ್ತಿ ಬಿಟ್ಟುಬಿಡಬಹುದು, ಗೋಡೆಗೆ ಬೇಕಾದ್ದು ಅಂಚಿನ ಸುದ್ದಿ. ಮೇಲಂಚಿನಿಂದ ಪರದೆಯ ಹತ್ತನೇ ಒಂದು ಭಾಗ ಎಂದರೆ 108 ಸಾಲು. ಅದನ್ನು 32 ತುಂಡುಗಳಾಗಿ ಹಂಚಿದರೆ ಒಂದೊಂದೂ 60 ಬಿಂದು ಅಗಲ. ಅಲ್ಲಿಗೆ ಒಂದು ದೀಪದ ಪಾಲಿಗೆ 6480 ಬಿಂದುಗಳು ಬಂದವು. ಅವುಗಳ ಕೆಂಪನ್ನೆಲ್ಲ ಕೂಡಿ ಸರಾಸರಿ, ಹಸಿರನ್ನೆಲ್ಲ ಕೂಡಿ ಸರಾಸರಿ, ನೀಲಿಯನ್ನೆಲ್ಲ ಕೂಡಿ ಸರಾಸರಿ. ಪ್ರತಿ ಬಿಂದುವನ್ನೂ ಕೂಡಬೇಕಾಗಿಯೂ ಇಲ್ಲ. ಅಲ್ಲೊಂದು ಇಲ್ಲೊಂದು ಎತ್ತಿಕೊಂಡರೂ ಸರಾಸರಿ ಹೆಚ್ಚು ಕಡಿಮೆ ಅದೇ ಬರುತ್ತದೆ, ಕಂಪ್ಯೂಟರಿನ ಶ್ರಮ ಉಳಿಯುತ್ತದೆ.

ಹೊಸದಾಗಿ ಕಟ್ಟಿದವರನ್ನು ಒಂದು ವಿಷಯ ಕಂಗೆಡಿಸುತ್ತದೆ. ಆಟದಲ್ಲಿ ಎಲ್ಲ ಸರಿಯಿದ್ದು, ಸಿನಿಮಾ ಹಾಕಿದೊಡನೆ ಮೇಲಿನ ಕೆಳಗಿನ ದೀಪಗಳು ಆರಿಹೋಗುತ್ತವೆ. ದೀಪದ್ದೇನೂ ತಪ್ಪಿಲ್ಲ. ಅಗಲ ಪರದೆಯ ಸಿನಿಮಾಗಳ ಚಿತ್ರ ಎತ್ತರಕ್ಕಿಂತ 2.39 ಪಟ್ಟು ಅಗಲವಾಗಿರುತ್ತದೆ. ಅದು ನಮ್ಮ ಪರದೆಯಲ್ಲಿ ಕೂತಾಗ ಮೇಲೆ 138 ಸಾಲು, ಕೆಳಗೆ 138 ಸಾಲು ಬರೀ ಕಪ್ಪು. ನಮ್ಮ ಲೆಕ್ಕದ 108 ಸಾಲುಗಳು ಆ ಕಪ್ಪು ಪಟ್ಟಿಯೊಳಗೇ ಮುಗಿದುಹೋಗುತ್ತವೆ. ತಂತ್ರಾಂಶದಲ್ಲಿ ಕಪ್ಪು ಪಟ್ಟಿಯನ್ನು ಗುರುತಿಸುವ ಆಯ್ಕೆ ಇರುವುದು ಇದಕ್ಕಾಗಿ. ಅದನ್ನು ಚಾಲೂ ಮಾಡಿದರೆ ಎಣಿಕೆ ಚಿತ್ರ ಶುರುವಾಗುವ ಸಾಲಿನಿಂದ ಆರಂಭವಾಗುತ್ತದೆ.

ಅರ್ಧ ಎಂದರೆ ಎಷ್ಟು?

ಸರಾಸರಿ ಸರಿಯಾಗಿ ಬಂದರೂ ಗೋಡೆಯ ಬಣ್ಣ ಪೇಲವವಾಗಿ, ಬಿಳಿಚಿಕೊಂಡಂತೆ ಕಾಣಬಹುದು. ಪಟ್ಟಿ ಕಳಪೆಯೆಂದು ಬಹಳ ಮಂದಿ ಇಲ್ಲಿ ಕೈಚೆಲ್ಲುತ್ತಾರೆ. ಕಾರಣ 128 ಎಂಬ ಸಂಖ್ಯೆಯನ್ನು ಪರದೆ ಮತ್ತು ದೀಪ ಬೇರೆ ಬೇರೆಯಾಗಿ ಅರ್ಥಮಾಡಿಕೊಳ್ಳುವುದು.

ಮಂದ ಬೆಳಕಿನಲ್ಲಿ ಸಣ್ಣ ವ್ಯತ್ಯಾಸವನ್ನೂ ಕಣ್ಣು ಹಿಡಿಯುತ್ತದೆ, ಪ್ರಖರ ಬೆಳಕಿನಲ್ಲಿ ಅಷ್ಟೇ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಆದ್ದರಿಂದ ಚಿತ್ರಗಳನ್ನು ಸಂಖ್ಯೆಯಾಗಿ ಬರೆದಿಡುವವರು 256 ಮೆಟ್ಟಿಲುಗಳಲ್ಲಿ ಹೆಚ್ಚಿನವನ್ನು ಮಂದ ಬೆಳಕಿಗೇ ಮೀಸಲಿಟ್ಟರು. ಈ ಏರ್ಪಾಟಿನ ಹೆಸರು ಗಾಮಾ. ಇದರಂತೆ ಪರದೆಗೆ 128 ಎಂದರೆ ಅದು ಪೂರ್ತಿ ಬೆಳಕಿನ ನೂರಕ್ಕೆ 22ರಷ್ಟನ್ನು ಮಾತ್ರ ಸೂಸುತ್ತದೆ. ಎಲ್‌ಇಡಿ ಹಾಗಲ್ಲ. ಅದು ಸೆಕೆಂಡಿಗೆ ನೂರಾರು ಬಾರಿ ಹತ್ತಿ ಆರುತ್ತಾ, ಹತ್ತಿದ ಹೊತ್ತಿನ ಪಾಲನ್ನು ಹೆಚ್ಚು ಕಡಿಮೆ ಮಾಡಿ ಬೆಳಕನ್ನು ಹದಗೊಳಿಸುತ್ತದೆ. 128 ಎಂದರೆ ಅರ್ಧ ಹೊತ್ತು ಹತ್ತಿರುತ್ತದೆ, ನೂರಕ್ಕೆ 50ರಷ್ಟು ಬೆಳಕು. ಪರದೆಯ ಎರಡರಷ್ಟಕ್ಕಿಂತಲೂ ಹೆಚ್ಚಾಯಿತು. ಕಿತ್ತಳೆ ಬಣ್ಣದಲ್ಲಿ ಕೆಂಪು 255, ಹಸಿರು 128 ಇದೆಯೆನ್ನಿ. ಗೋಡೆಯ ಮೇಲೆ ಹಸಿರು ಎರಡರಷ್ಟಾಗಿ ಕಿತ್ತಳೆ ಹಳದಿಗೆ ತಿರುಗುತ್ತದೆ.

ಪರಿಹಾರವಾಗಿ ದೀಪಕ್ಕೆ ಕಳಿಸುವ ಮೊದಲು ಪ್ರತಿ ಸಂಖ್ಯೆಯನ್ನೂ ಒಂದು ಕೋಷ್ಟಕದ ಮೂಲಕ ಇಳಿಸುತ್ತಾರೆ. 128 ಹೋಗಿ 56 ಆಗುತ್ತದೆ, 255 ಹಾಗೆಯೇ ಉಳಿಯುತ್ತದೆ. ಹೈಪೀರಿಯನ್ನಿನಂಥ ತಂತ್ರಾಂಶಗಳಲ್ಲಿ ಗಾಮಾ ಎಂಬ ಒಂದು ಆಯ್ಕೆಯಿದೆ. 2.2ರ ಆಸುಪಾಸಿನಲ್ಲಿಟ್ಟರೆ ಗೋಡೆಗೆ ಜೀವ ಬರುತ್ತದೆ. ಆದರೆ ಇದಕ್ಕೊಂದು ಬೆಲೆ ತೆರಬೇಕು. ಕೋಷ್ಟಕದಲ್ಲಿ 20ಕ್ಕಿಂತ ಕೆಳಗಿನ ಸಂಖ್ಯೆಗಳೆಲ್ಲ 0 ಅಥವಾ 1ಕ್ಕೆ ಕುಸಿಯುತ್ತವೆ. ರಾತ್ರಿಯ ದೃಶ್ಯಗಳಲ್ಲಿ ದೀಪಗಳು ಮೆಲ್ಲನೆ ಮಂಕಾಗುವ ಬದಲು ಗಕ್ಕನೆ ಆರಿ ಹತ್ತುವುದು ಇದರಿಂದಲೇ. ಅಷ್ಟು ಮಂದ ಬೆಳಕಿನಲ್ಲಿ ಪೂರ್ತಿ ಆರಿಸಿಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಸಿಡಿಯುವ ಬೆಳಕು

ಪರದೆಯಲ್ಲಿ ಸ್ಫೋಟವಾದಾಗ, ದೃಶ್ಯ ತಟ್ಟನೆ ಬದಲಾದಾಗ ಗೋಡೆಯೂ ಅದೇ ವೇಗದಲ್ಲಿ ಜಿಗಿದರೆ ಕಣ್ಣಿಗೆ ಹಿಂಸೆ. ಅಂಚುನೋಟ ಚಲನೆಗೆ ಚುರುಕೆಂದು ಹೇಳಿದೆನಲ್ಲ, ಅದೇ ಇಲ್ಲಿ ತೊಂದರೆ. ಅದಕ್ಕೆ ದೀಪವನ್ನು ಹೊಸ ಬಣ್ಣಕ್ಕೆ ಒಮ್ಮೆಲೇ ಕಳಿಸದೆ, ಪ್ರತಿ ಸಲವೂ ಉಳಿದ ದೂರದ ಕಾಲುಭಾಗ ಮಾತ್ರ ನಡೆಸುತ್ತಾರೆ. ಎಂಟು ಹೆಜ್ಜೆಯಲ್ಲಿ ನೂರಕ್ಕೆ 90ರಷ್ಟು ದೂರ ಮುಗಿದಿರುತ್ತದೆ. ಸೆಕೆಂಡಿಗೆ 40 ಹೆಜ್ಜೆಯಾದರೆ ಇದಕ್ಕೆ ತಗಲುವುದು ಸೆಕೆಂಡಿನ ಐದನೇ ಒಂದು ಭಾಗ. ಹಿಂದೆ ಬಿದ್ದಂತೆ ಅನ್ನಿಸುವುದಿಲ್ಲ, ಜಿಗಿತ ಮಾತ್ರ ಮಾಯವಾಗುತ್ತದೆ.

ಇದನ್ನು ಬರೀ ಅಂದಕ್ಕಾಗಿ ಹೇಳುತ್ತಿಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿಂಚಿತು. ನೋಡುತ್ತಿದ್ದವರಲ್ಲಿ 600ಕ್ಕೂ ಹೆಚ್ಚು ಜನ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದರು. ಮಿನುಗುವ ಬೆಳಕಿನಿಂದ ಕೆಲವರಿಗೆ ಅಪಸ್ಮಾರ ಕೆರಳುತ್ತದೆ, ಬೆಳಕು ನೋಟದ ಎಷ್ಟು ಹೆಚ್ಚು ಭಾಗವನ್ನು ತುಂಬುತ್ತದೋ ಅಪಾಯ ಅಷ್ಟು ಹೆಚ್ಚು. ಸುತ್ತುಬೆಳಕು ಮಾಡುವ ಕೆಲಸವೇ ಬೆಳಕಿನ ವಿಸ್ತಾರವನ್ನು ಹೆಚ್ಚಿಸುವುದು. ಮನೆಯಲ್ಲಿ ಮಕ್ಕಳಿದ್ದರೆ ಈ ಮೆತ್ತಗಾಗಿಸುವ ಆಯ್ಕೆಯನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಫಿಟ್ಸ್ ಬರುವವರು ಯಾರಾದರೂ ಇದ್ದರೆ ಬಣ್ಣದ ಸುತ್ತುಬೆಳಕನ್ನೇ ಬಿಟ್ಟು, ಒಂದೇ ಹದದ ಬಿಳಿ ದೀಪ ಹಾಕಿಕೊಳ್ಳಿ.

ಒಂದೇ ತಂತಿಯ ಗುಟ್ಟು

ಈಗ ಮುನ್ನೂರು ಸಂಖ್ಯೆ ಸಿದ್ಧವಾಗಿವೆ. ಅವನ್ನು ಒಂದು ತಂತಿಯಲ್ಲಿ ನೂರು ದೀಪಕ್ಕೆ ಹಂಚಬೇಕು.

ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ಪ್ರಶ್ನೆಪತ್ರಿಕೆಯ ಕಟ್ಟನ್ನು ಮೊದಲ ಬೆಂಚಿನ ಹುಡುಗನ ಕೈಗಿಟ್ಟು, ‘ಒಂದು ಇಟ್ಕೊಂಡು ಹಿಂದಕ್ಕೆ ಕಳಿಸಪ್ಪಾ’ ಎನ್ನುತ್ತಾರೆ. ಅವನು ಮೇಲಿನದೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಹಿಂದಿನವನಿಗೆ ಕೊಡುತ್ತಾನೆ. ಅವನೂ ಹಾಗೆಯೇ ಮಾಡುತ್ತಾನೆ. ಯಾವ ಪತ್ರಿಕೆಯ ಮೇಲೂ ಹೆಸರು ಬರೆದಿಲ್ಲ, ಯಾರ ಬೆಂಚಿಗೂ ನಂಬರು ಹಾಕಿಲ್ಲ. ಮೂವತ್ತನೆಯವನಿಗೆ ಮೂವತ್ತನೆಯದು ತಾನಾಗಿಯೇ ಸಿಗುತ್ತದೆ. ಎಲ್ಲರಿಗೂ ತಲುಪಿದ ಮೇಲೆ ಗಂಟೆ ಹೊಡೆಯುತ್ತದೆ, ಎಲ್ಲರೂ ಒಟ್ಟಿಗೆ ಬರೆಯಲು ಶುರುಮಾಡುತ್ತಾರೆ.

ಪಟ್ಟಿಯ ಮೇಲಿನ ದೀಪ ಮಾಡುವುದೂ ಇದನ್ನೇ. ಬಹಳ ಬಳಕೆಯಲ್ಲಿರುವ ಡಬ್ಲ್ಯುಎಸ್2812ಬಿ ಎಂಬ ಮಾದರಿಯಲ್ಲಿ ಐದು ಮಿಲಿಮೀಟರಿನ ಚೌಕದೊಳಗೆ ಮೂರು ಬಣ್ಣದ ಚೂರುಗಳ ಜೊತೆ ಒಂದು ಪುಟ್ಟ ಚಿಪ್ಪೂ ಕೂತಿದೆ. ಸಂದೇಶದ ತಂತಿಯಲ್ಲಿ ಸಾಲಾಗಿ ಮಿಡಿತಗಳು ಬರುತ್ತವೆ. ಗಿಡ್ಡ ಮಿಡಿತ ಎಂದರೆ 0, ಉದ್ದ ಮಿಡಿತ ಎಂದರೆ 1. ಮೊದಲ ದೀಪದ ಚಿಪ್ಪು ತನಗೆ ಬಂದ ಮೊದಲ 24 ಮಿಡಿತಗಳನ್ನು ತಾನೇ ಇಟ್ಟುಕೊಳ್ಳುತ್ತದೆ, ಬಣ್ಣಕ್ಕೆ ಎಂಟರಂತೆ. ಇಪ್ಪತ್ತೈದನೆಯದರಿಂದ ಮುಂದಕ್ಕೆ ಬಂದದ್ದನ್ನೆಲ್ಲ ಹಾಗೇ ದಾಟಿಸುತ್ತದೆ. ಎರಡನೆಯ ದೀಪಕ್ಕೆ ಅದೇ ಮೊದಲು, ಅದು ತನ್ನ 24ನ್ನು ತೆಗೆದುಕೊಂಡು ಉಳಿದದ್ದನ್ನು ಕಳಿಸುತ್ತದೆ. ಕೊನೆಗೆ ತಂತಿ ಒಂದಿಷ್ಟು ಹೊತ್ತು ಸುಮ್ಮನಾಗುತ್ತದೆ. ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಐವತ್ತು ಸಾಕೆಂದು ಮೊದಲಿನ ತಯಾರಿಕೆಗಳು ಹೇಳುತ್ತಿದ್ದವು, ಹೊಸವಕ್ಕೆ ಅದಕ್ಕಿಂತ ಹೆಚ್ಚು ಬೇಕು. ಆ ಮೌನವೇ ಗಂಟೆ. ಎಲ್ಲ ದೀಪಗಳೂ ಒಟ್ಟಿಗೆ ಹೊಸ ಬಣ್ಣಕ್ಕೆ ತಿರುಗುತ್ತವೆ.

ದಾಟಿಸುವಾಗ ಚಿಪ್ಪು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಸವೆದು ಬಂದ ಮಿಡಿತವನ್ನು ತಿದ್ದಿ ಹೊಸದಾಗಿ ಕಳಿಸುತ್ತದೆ. ಹಾಗಾಗಿ ನೂರನೆಯ ದೀಪಕ್ಕೂ ಸಂದೇಶ ಮೊದಲನೆಯದಕ್ಕೆ ಬಂದಷ್ಟೇ ಚೊಕ್ಕವಾಗಿ ಮುಟ್ಟುತ್ತದೆ.

ವೇಗ ಸಾಕಾಗುತ್ತದೆಯೇ? ಸೆಕೆಂಡಿಗೆ ಎಂಟು ಲಕ್ಷ ಮಿಡಿತ. ನೂರು ದೀಪಕ್ಕೆ 2400 ಮಿಡಿತ, ತಗಲುವುದು ಸೆಕೆಂಡಿನ ಸಾವಿರದ ಮೂರು ಭಾಗ. ಪರದೆಯ ಚಿತ್ರ ಒಮ್ಮೆ ಬದಲಾಗುವ ಹೊತ್ತಿಗೆ ಪಟ್ಟಿಯನ್ನು ಐದು ಬಾರಿ ಬರೆಯಬಹುದು. ನಿಧಾನವಾಗುವುದು ಕಂಪ್ಯೂಟರಿನಿಂದ, ಅದಕ್ಕೂ ಪಟ್ಟಿಗೂ ನಡುವೆ ಕೂರುವ ಆರ್ಡ್ವಿನೋ ಎಂಬ ಸಣ್ಣ ನಿಯಂತ್ರಕ ಬೋರ್ಡಿಗೆ ಹೋಗುವ ಯುಎಸ್‌ಬಿ ದಾರಿಯಲ್ಲಿ. 115200 ಬಾಡ್‌ನ ಮಾಮೂಲಿ ವೇಗದಲ್ಲಿ ಮುನ್ನೂರು ಸಂಖ್ಯೆ ದಾಟಲು ಸೆಕೆಂಡಿನ ಸಾವಿರದ 26 ಭಾಗ ಬೇಕು. ಆದರೂ ಸೆಕೆಂಡಿಗೆ 38 ಬಾರಿ ಆಗುತ್ತದೆ, ಅಂಚುನೋಟಕ್ಕೆ ಧಾರಾಳ.

ಆ ಸಣ್ಣ ಬೋರ್ಡು ನಡುವೆ ಯಾಕೆ ಬೇಕೆಂದರೆ, ಮಿಡಿತದ ಉದ್ದ ಸೆಕೆಂಡಿನ ಹತ್ತು ಲಕ್ಷದ ಅರ್ಧ ಭಾಗ ತಪ್ಪಿದರೂ 0 ಹೋಗಿ 1 ಆಗುತ್ತದೆ. ಹತ್ತಾರು ಕೆಲಸಗಳ ನಡುವೆ ಇರುವ ಕಂಪ್ಯೂಟರಿಗೆ ಅಷ್ಟು ಕರಾರುವಾಕ್ಕಾಗಿ ತಾಳ ಹಿಡಿಯಲು ಪುರುಸೊತ್ತಿಲ್ಲ. ಆರ್ಡ್ವಿನೋ ಬೇರೆಲ್ಲವನ್ನೂ ಬಿಟ್ಟು ಅದೊಂದನ್ನೇ ಮಾಡುತ್ತದೆ. ಆರ್ಡ್ವಿನೋ ಬದಲು ಇಎಸ್‌ಪಿ32 ಎಂಬ ಬೋರ್ಡು ಬಳಸುವವರು ಒಂದು ಎಚ್ಚರ ವಹಿಸಬೇಕು. ಅದರ ಮಿಡಿತ 3.3 ವೋಲ್ಟಿನದು, 5 ವೋಲ್ಟಿನ ಪಟ್ಟಿ 3.5 ವೋಲ್ಟಾದರೂ ಬೇಕೆನ್ನುತ್ತದೆ. ನಡುವೆ ವೋಲ್ಟೇಜು ಏರಿಸುವ ಚಿಕ್ಕ ಐಸಿಯೊಂದನ್ನು ಹಾಕಿದರೆ ದೀಪಗಳು ಹುಚ್ಚುಹುಚ್ಚಾಗಿ ಮಿನುಗುವುದು ನಿಲ್ಲುತ್ತದೆ.

ಕರೆಂಟು ಮತ್ತು ಬೆಸುಗೆ

ಸಂದೇಶ ದೂರಕ್ಕೆ ಹೋದರೂ ಕುಗ್ಗುವುದಿಲ್ಲ, ಕರೆಂಟು ಕುಗ್ಗುತ್ತದೆ. ಒಂದು ದೀಪ ಪೂರ್ತಿ ಬಿಳಿಯಾಗಿ ಉರಿದರೆ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. ನೂರಕ್ಕೆ 6 ಆಂಪಿಯರ್. ಕಂಪ್ಯೂಟರಿನ ಸಾಮಾನ್ಯ ಯುಎಸ್‌ಬಿ ತೂತು ಕೊಡುವುದು ಅರ್ಧ ಆಂಪಿಯರ್. ಪಟ್ಟಿಗೆ 5 ವೋಲ್ಟಿನ ಬೇರೆ ಅಡಾಪ್ಟರ್ ಬೇಕೇ ಬೇಕು, ಮತ್ತು ಅದರ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಲೇಬೇಕು. ಸೇರಿಸದಿದ್ದರೆ ಎಲ್ಲಿಂದ ಎಷ್ಟು ವೋಲ್ಟೆಂದು ಅಳೆಯಲು ದೀಪಕ್ಕೆ ನೆಲೆಯೇ ಇರುವುದಿಲ್ಲ.

ಪಟ್ಟಿಯ ತಾಮ್ರ ತೆಳುವಾಗಿರುವುದರಿಂದ ಕೊನೆಯ ದೀಪಕ್ಕೆ ಹೋಗುವಷ್ಟರಲ್ಲಿ ವೋಲ್ಟೇಜು ಇಳಿದಿರುತ್ತದೆ. ನೀಲಿ ಚೂರು ಉರಿಯಲು 3 ವೋಲ್ಟಿಗೂ ಹೆಚ್ಚು ಬೇಕು, ಕೆಂಪಿಗೆ 2 ಸಾಕು. ಮೊದಲು ಸೋಲುವುದು ನೀಲಿ. ಗೋಡೆಯ ಒಂದು ಮೂಲೆ ಬಿಳಿಯಿರಬೇಕಾದಲ್ಲಿ ಹಳದಿಗೆಂಪಾಗಿ ಕಂಡರೆ ಪಟ್ಟಿಯ ಕೊನೆಗೂ ಅಡಾಪ್ಟರಿನಿಂದ ಇನ್ನೊಂದು ಜೊತೆ ತಂತಿ ಎಳೆಯಿರಿ. ಕೆಂಪು ಕೇಳಿದರೆ ಹಸಿರು ಬರುತ್ತಿದ್ದರೆ ಕಾರಣವೇ ಬೇರೆ. ಈ ದೀಪಗಳು ಹಸಿರಿನ ಸಂಖ್ಯೆಯನ್ನು ಮೊದಲು ನಿರೀಕ್ಷಿಸುತ್ತವೆ, ತಂತ್ರಾಂಶದಲ್ಲಿ ಬಣ್ಣಗಳ ಕ್ರಮ ಬದಲಿಸಿದರೆ ಸರಿಹೋಗುತ್ತದೆ.

ಒಂದು ದಿನ ಪಟ್ಟಿಯ ಅರ್ಧ ಆರಿಹೋದರೆ ಗಾಬರಿಯಾಗಬೇಡಿ. 41ನೆಯ ದೀಪದಿಂದ ಮುಂದೆಲ್ಲ ಕತ್ತಲೆಂದರೆ ಉಳಿದ 60 ದೀಪಗಳೂ ಸತ್ತಿಲ್ಲ, ಕಟ್ಟು ಹಿಂದಕ್ಕೆ ಹೋಗದೆ ನಿಂತಿದೆ ಅಷ್ಟೆ. ನಿಲ್ಲಿಸಿದ್ದು 41ನೆಯದು, ಇಲ್ಲವೇ ತಾನು ಉರಿಯುತ್ತಲೇ ಮುಂದೆ ದಾಟಿಸದೆ ಹೋದ 40ನೆಯದು, ಇಲ್ಲವೇ ಅವೆರಡರ ನಡುವಿನ ಬೆಸುಗೆ. ಮೊದಲು ಬೆಸುಗೆ ನೋಡಿ. ಅದು ಸರಿಯಿದ್ದರೆ ಕೆಟ್ಟ ದೀಪವನ್ನು ಎರಡೂ ಕಡೆ ಗುರುತಿರುವಲ್ಲಿ ಕತ್ತರಿಸಿ ತೆಗೆದು, ಬಾಣದ ಗುರುತು ಒಂದೇ ದಿಕ್ಕಿಗಿರುವಂತೆ ತುದಿಗಳನ್ನು ಮೂರು ಚಿಕ್ಕ ತಂತಿಗಳಿಂದ ಬೆಸೆಯಿರಿ. ಯಾವ ದೀಪಕ್ಕೂ ತನ್ನ ನಂಬರು ಗೊತ್ತಿಲ್ಲದ ಕಾರಣ 42ನೆಯದು ಯಾವ ತಕರಾರೂ ಇಲ್ಲದೆ 41ನೆಯದಾಗಿ ಕೆಲಸ ಮಾಡುತ್ತದೆ. ತಂತ್ರಾಂಶದಲ್ಲಿ ಆ ಬದಿಯ ದೀಪಗಳ ಎಣಿಕೆಯಲ್ಲಿ ಒಂದು ಕಡಿಮೆ ಮಾಡಿ.